ಹಳೇ ಕುರ್ಚಿ ಮಾರಬ್ಯಾಡ್ರಿ, ಅದ್ರ ಮ್ಯಾಲೆ ಕುಂತ್ಕಳ್ರಿ

ಹೋದ ದೀಪಾವಳಿಗೆ ಮುಂಚೆ ಮನೆಗೆ ಸುಣ್ಣ ಬಣ್ಣ ಮಾಡ್ಸಾಕೆ ಅಂತ ಪಡಸಾಲ್ಯಾಗಿನ ಸಾಮಾನೆಲ್ಲ ಹೊರಗೆ ಕಟ್ಟೆ ಮ್ಯಾಲೆ ತಂದಿಟ್ಟಿದ್ವಿ. ನಮ್ಮ ಆನಗೋಡು ಗೊತ್ತಲ್ಲ, ಹೈವೇ ಪಕ್ಕದ ಊರು. ಬೆಳಗ್ಗಿಂದ ಸಂಜೆ ತನಕ ಏನಾದ್ರೂ ಮಾರೋರು, ಏನಾದ್ರೂ ಕೊಳ್ಳೋರು ಬರ್ತಾನೇ ಇರ್ತಾರೆ. ಅವತ್ತು ಹಳೇ ಸಾಮಾನು ಕೊಳ್ಳೋನೊಬ್ಬ ಟೆಂಪೋ ತಂದು ನಿಲ್ಲಿಸಿದ. ತಾಮ್ರದ ಹಂಡೆ ಕೇಳಲಿಲ್ಲ, ಹಿತ್ತಾಳೆ ಕೊಡ ಕೇಳಲಿಲ್ಲ. ಸೀದಾ ನಮ್ಮ ಮಾವನೋರ ಎರಡು ಕುರ್ಚಿ ಹತ್ರ ಹೋದ. ಒಂದನ್ನ ಎತ್ತಿ ತೂಕ ನೋಡ್ದ, ಉಗುರಿನಾಗೆ ಕಾಲು ಗೀರಿ ನೋಡ್ದ, ಬೋರಲು ಹಾಕಿ ತಳ ನೋಡ್ದ. "ಅಮ್ಮಾ, ಬೆತ್ತ ಎಲ್ಲ ಹರಿದೈತೆ, ಒಂದು ಕೈ ಅಲ್ಲಾಡ್ತೈತೆ. ಹೋಗ್ಲಿ, ಎರಡಕ್ಕೂ ಸೇರಿ 3,000 ಕೊಡ್ತೀನಿ" ಅಂದ.

ನಮ್ಮನೇರು, "ಕೊಟ್ಟು ಕಳಿಸು ಅತ್ಲಾಗೆ, ಧೂಳು ಹೊಡೆಯೋದಾದ್ರೂ ತಪ್ಪುತ್ತೆ" ಅಂದ್ರು. ಬೆಂಗಳೂರಿನಾಗಿರೋ ಮಗ ಫೋನ್ ಮಾಡಿದಾಗೆಲ್ಲ "ಸೋಫಾ ಸೆಟ್ ನಾನೇ ಕೊಡಿಸ್ತೀನಮ್ಮ" ಅಂತ ಹೇಳ್ತಾನೇ ಇದ್ದ. ನಾನೂ ಹೂಂ ಅನ್ನೋಳೇ ಇದ್ದೆ. ಆದ್ರೆ ಆ ಮನುಷ್ಯ ನೋಡಿದ ರೀತಿ ಮನಸ್ಸಿನಾಗೆ ಕುಂತ್ಬಿಡ್ತು. ನಿಜವಾಗ್ಲೂ ಗುಜರಿಗೆ ಹೋಗೋ ಸಾಮಾನನ್ನ ಯಾರಾದ್ರೂ ಅಷ್ಟೊತ್ತು ಬೋರಲು ಹಾಕಿ ನೋಡ್ತಾರಾ? "ನಾಳೆ ಬಾರಪ್ಪ, ಯೋಚ್ನೆ ಮಾಡ್ತೀವಿ" ಅಂತ ಕಳಿಸ್ದೆ.

ಅವನು ಹೋದ ಮ್ಯಾಲೆ ನಾನೂ ಒಂದನ್ನ ಬೋರಲು ಹಾಕಿ ನೋಡ್ದೆ. ಈ ಮನೆಗೆ ಸೊಸೆಯಾಗಿ ಬಂದು 33 ವರ್ಷ. ದಿನಾ ಬೆಳಗ್ಗೆ ಒರೆಸಿದ ಕುರ್ಚಿ. ಅದ್ರ ತಳ ಹೆಂಗೈತೆ ಅಂತ ಅವತ್ತೇ ಮೊದಲ ಸಲ ನೋಡಿದ್ದು.

ನಾನಿವತ್ತು ಹೇಳಾಕೆ ಹೊರಟಿದ್ದು ಇಷ್ಟೇ ನೋಡ್ರಿ ಅಕ್ಕಂದಿರಾ. ಮನ್ಯಾಗೆ ಅಜ್ಜನ ಕಾಲದ ಮರದ ಕುರ್ಚಿ ಇದ್ರೆ ಮಾರಬ್ಯಾಡ್ರಿ. ಹಂಗಂತ ಮೂಲ್ಯಾಗಿಟ್ಟು, ಮ್ಯಾಲೊಂದು ಕಸೂತಿ ಬಟ್ಟೆ ಹೊದಿಸಿ ದೇವರಂಗೂ ಕಾಯಬ್ಯಾಡ್ರಿ. ರಿಪೇರಿ ಮಾಡ್ಸಿ ಕುಂತ್ಕಳ್ರಿ. ಮನ್ಯಾಗಿನ ಗಂಡಸರು ಇಷ್ಟು ವರ್ಷ ಕುಂತಾರೆ, ಈಗ ನೀವು ಕುಂತ್ಕಳ್ರಿ. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ಆ ಕುರ್ಚಿಯೊಳಗೆ ಏನೈತೆ ಅನ್ನೋದು. ಅಲ್ಲಾಡೋ ಕೈ ತೋರ್ಸಾಕೆ ಅಂತ ಪಕ್ಕದೂರಿನ ವಯಸ್ಸಾದ ಆಚಾರ್ರನ್ನ ಕರೆಸಿದ್ವಿ. ಈಗವರು ಕೆಲ್ಸ ಬಿಟ್ಟು ಮನ್ಯಾಗೇ ಅದಾರೆ. ಕುರ್ಚಿ ನೋಡಿದ ತಕ್ಷಣ ಚಪ್ಪಲಿ ಬಿಟ್ಟು ಕಟ್ಟೆ ಮ್ಯಾಲೆ ಕುಂತ್ರು. "ಬೀಟೆ ಇದು, ಅಮ್ಮಾ. ಕಪ್ಪು ಗೆರೆ ನೋಡ್ರಿ, ನೇರಳೆ ಹಣ್ಣಿನ ಬಣ್ಣ ಹೊಡೀತೈತೆ" ಅಂದ್ರು. ಕೈಗೆ ಬಟ್ಟೆ ಸುತ್ತಿ ಕೊಡತಿಯಿಂದ ಮೆತ್ತಗೆ ನಾಲ್ಕು ಏಟು ತಟ್ಟಿದ್ರು. ಕೈ ಹಂಗೇ ಸಲೀಸಾಗಿ ಬಿಚ್ಕೆಂಡು ಬಂತು. ಒಂದು ಕಬ್ಬಿಣದ ಮೊಳೆ ಇಲ್ಲ!

ಒಂದು ಕಟ್ಟಿಗೆ ತುದಿಗೆ ಚಪ್ಪಟೆ ನಾಲಿಗೆ ಬಿಟ್ಟಾರೆ, ಇನ್ನೊಂದು ಕಟ್ಟಿಗೆಗೆ ಅದು ಸರಿಯಾಗಿ ಕೂರೋ ಅಷ್ಟೇ ಚೌಕದ ತೂತು ಕೊರೆದಾರೆ. ಅದು ಹೊರಗೆ ಬರದಂಗೆ ಅಡ್ಡಕ್ಕೊಂದು ಬಿದಿರಿನ ಗೂಟ, ನಮ್ಮ ಕಿರುಬೆರಳಿನ ಅರ್ಧ ದಪ್ಪ. "ಮೊಳೆ ಯಾಕೆ ಹೊಡೆದಿಲ್ಲ?" ಅಂತ ಕೇಳ್ದೆ. ಅವರು ಹೇಳಿದ್ದು ನನಗೆ ಅಡಿಗೆ ಪಾಠ ಇದ್ದಂಗೆ ಅರ್ಥ ಆಯ್ತು. ಮರ ಕಡಿದು ನೂರು ವರ್ಷ ಆದ್ರೂ ಅದ್ರ ಆಟ ನಿಲ್ಲಲ್ಲ. ಮಳೆಗಾಲದಾಗೆ ನೀರಿನ ಪಸೆ ಕುಡಿದು ಉಬ್ಬುತ್ತೆ, ಬ್ಯಾಸಿಗ್ಯಾಗೆ ಒಣಗಿ ಕುಗ್ಗುತ್ತೆ. ಆಷಾಢದಾಗೆ ಬಾಗಿಲು ಬಿಗಿಯಾಗಿ ಹಾಕಾಕೆ ಬರಲ್ಲ, ಶಿವರಾತ್ರಿ ಹೊತ್ತಿಗೆ ಸಲೀಸಾಗುತ್ತೆ ಅಲ್ಲ, ಹಂಗೆ. ಕಬ್ಬಿಣ ಹಂಗೆ ಉಬ್ಬಿ ಕುಗ್ಗಲ್ಲ. ಮರ ಅಲ್ಲಾಡಿದಾಗೆಲ್ಲ ಮೊಳೆ ಅದನ್ನ ಸೀಳ್ತೈತೆ, ತುಕ್ಕು ಹಿಡಿದು ಕಲೆ ಬೇರೆ ಮಾಡ್ತೈತೆ. ಮರಕ್ಕೆ ಮರಾನೇ ಸೇರಿಸಿದ್ರೆ ಎರಡೂ ಕೂಡಿ ಉಬ್ಬಿ, ಕೂಡಿ ಕುಗ್ತಾವೆ. ಸಂಸಾರದ ಮಾತೇ ಹೇಳ್ದಂಗಿತ್ತು.

ಇನ್ನೊಂದು ತೋರ್ಸಿದ್ರು. ಹಿಂದಿನ ಕಾಲು ಎಲ್ಲಿ ಮುಗಿದು ಬೆನ್ನಿನ ಆಸರೆ ಎಲ್ಲಿ ಶುರುವಾಗುತ್ತೆ ಹುಡುಕ್ರಿ ಅಂದ್ರು. ನನಗೆ ಸಿಗಲಿಲ್ಲ. ಸಿಗಾಕೂ ಸಾಧ್ಯ ಇಲ್ಲ, ಅದು ಒಂದೇ ಕಟ್ಟಿಗೆ. ಪಾದದಿಂದ ಹಿಡಿದು ತಲೆ ತನಕ ಒಂದೇ, ಮೆತ್ತಗೆ ಹಿಂದಕ್ಕೆ ಬಾಗೈತೆ. ಕಟ್ಟಿಗೆ ಬೆಂಕಿಗಿಟ್ಟು ಬಗ್ಗಿಸಿದ್ದಲ್ಲ, ಅಗಲ ಹಲಗೆ ತಗಂಡು ಆ ಬಾಗಿಗೆ ತಕ್ಕಂಗೆ ಕೊಯ್ದಿದ್ದು. ಎಷ್ಟು ಮರ ಚೂರಾಗಿ ಹೋಗಿರಬೇಕು! ಕುರ್ಚಿ ಮುಂದೆ ಅಗಲ, ಹಿಂದೆ ಕಿರಿದು. ಅಂದ್ರೆ ಒಂದು ಮೂಲೆನೂ ನೇರ ಚೌಕ ಅಲ್ಲ, ಪ್ರತಿ ತೂತನ್ನೂ ಓರೆಯಾಗೇ ಕೊರೀಬೇಕು. ಕರೆಂಟಿನ ಮಷಿನ್ ಇಲ್ಲದ ಕಾಲದಾಗೆ ಉಳಿ, ಗರಗಸ, ಕೊಡತಿ ಇಷ್ಟರಾಗೇ ಮಾಡ್ಯಾರೆ. ನಮ್ಮ ಚಕ್ಕುಲಿ ಒಂದು ಸುತ್ತು ಹೆಚ್ಚು ಕಮ್ಮಿಯಾದ್ರೆ ಯಾರೂ ಕೇಳಲ್ಲ. ಇಲ್ಲಿ ಒಂದು ನೂಲಿನಷ್ಟು ತಪ್ಪಿದ್ರೂ ಕುರ್ಚಿ ಕುಂಟುತ್ತೆ.

ಇಷ್ಟು ಮಾಡಿದೋರ ಹೆಸರು? ಗೊತ್ತಿಲ್ಲ. ನಮ್ಮನೇರಿಗೂ ಗೊತ್ತಿಲ್ಲ. ಯಾರು ದುಡ್ಡು ಕೊಟ್ಟು ಮಾಡಿಸಿದ್ರು, ಎಷ್ಟು ಚೀಲ ಜೋಳ ಕೊಟ್ಟು ಮಾಡಿಸಿದ್ರು ಅನ್ನೋದು ಮನ್ಯಾಗೆ ಎಲ್ಲರಿಗೂ ಬಾಯಿಪಾಠ. ಕೈ ನೋಯಿಸಿಕೊಂಡೋರ ಹೆಸರು ಮಾತ್ರ ಯಾರೂ ಇಟ್ಕಂಡಿಲ್ಲ. ಅದನ್ನ ಮಾರಿದ್ರೆ ಆ ಆಚಾರ್ರ ಕೈಗೆಲಸದ ಕೊನೇ ಗುರುತೂ ನಮ್ಮೂರಿನಿಂದ ಹೋದಂಗೆ.

ಈ ಕುರ್ಚಿ ಫೋಟೋ ತಗದು ತಂಗಿ ಮಗಳಿಗೆ ಕಳಿಸಿದ್ದೆ, ಅವಳು ಇಂಟೀರಿಯರ್ ಡಿಸೈನ್ ಓದ್ತಾಳೆ. ಅವಳು ತಿರುಗಿ ಚೀನಾದ ಕುರ್ಚಿಗಳ ಫೋಟೋ ಕಳಿಸಿ, "ದೊಡ್ಡಮ್ಮ, ಇವಕ್ಕೂ ನಿಮ್ಮ ಕುರ್ಚಿಗೂ ಸಂಬಂಧ ಐತೆ" ಅಂದ್ಳು. ನನಗೆ ನಗು ಬಂತು. ಎಲ್ಲಿ ಚೀನಾ, ಎಲ್ಲಿ ಆನಗೋಡು! ಆದ್ರೆ ಅವಳು ಹೇಳಿದ್ದು ಕೇಳಿದ್ರೆ ನೀವೂ ಬೆರಗಾಗ್ತೀರಿ.

ಚೀನಾದಾಗೆ ಮಿಂಗ್ ಅನ್ನೋ ರಾಜರ ಕಾಲ, 1368ರಿಂದ 1644ರ ತನಕ. ಆ ಕಾಲದ ಗಟ್ಟಿ ಮರದ ಕುರ್ಚಿಗಳಿಗೆ ಈಗ ಲೋಕದಾಗೆಲ್ಲ ಭಾರಿ ಹೆಸರು. ಶಾಂಘೈ ಮ್ಯೂಸಿಯಂನಾಗೆ ಗಾಜಿನ ಹಿಂದೆ ಇಟ್ಟಾರೆ. ಅವಕ್ಕೂ ಮೊಳೆ ಇಲ್ಲ, ನಾಲಿಗೆ ಮತ್ತು ತೂತಿನ ಕೂಡಿಕೆನೇ. ಅಲ್ಲೂ ಹಿಂದಿನ ಕಾಲು ಬೆನ್ನಾಸರೆ ಒಂದೇ ಕಟ್ಟಿಗೆ. ಕೂರೋ ಜಾಗಕ್ಕೆ ಅಲ್ಲೂ ಬೆತ್ತದ ಹೆಣಿಗೆ. ಅವರ ಅತಿ ಮೆಚ್ಚಿನ ಮರ ಹುವಾಂಗ್‌ಹುವಾಲಿ, ಹೈನಾನ್ ಅನ್ನೋ ದ್ವೀಪದ ಮರ. ಅದು ನಮ್ಮ ಬೀಟೆಯ ಕುಲದ್ದೇ, ಡಾಲ್ಬರ್ಜಿಯ ಅಂತ ಆ ಕುಲದ ಹೆಸರು. ದಾಯಾದಿಗಳು ಅಂತ ಇಟ್ಕಳ್ರಿ. ಅಲ್ಲಿ ಅರಮನೆಯೋರು ಇನ್ನೊಂದು ಮರಕ್ಕೆ ಪ್ರಾಣ ಬಿಡ್ತಿದ್ರಂತೆ, ಜಿಟಾನ್ ಅಂತಾರೆ. ಅದ್ಯಾವುದು ಅಂದ್ರೆ ನಮ್ಮ ಪಕ್ಕದ ಆಂಧ್ರದ ಶೇಷಾಚಲ ಕಾಡಿನಾಗೆ ಬೆಳೆಯೋ ರಕ್ತಚಂದನ! ನಮ್ಮ ಕಡೆ ಕಾಡಿನ ಮರ ಹಡಗಿನಾಗೆ ಹೋಗಿ ಅವರ ರಾಜರಿಗೆ ಆಸನ ಆತು.

ವಾಂಗ್ ಶಿಷಿಯಾಂಗ್ ಅಂತ ಒಬ್ಬ ಚೀನಾದ ವಿದ್ವಾಂಸರಿದ್ರು. ಜನ ಹಳೇದು ಅಂತ ಬಿಸಾಕ್ತಿದ್ದ ಕಾಲದಾಗೆ ಇವರು ಹುಡುಕಿ ಹುಡುಕಿ ಕೂಡಿಟ್ಟು, ಒಂದೊಂದು ಕೂಡಿಕೆ ಹೆಂಗೈತೆ ಅಂತ ಬಡಗಿಗಳನ್ನೇ ಕೇಳಿ ತಿಳ್ಕಂಡು, 1985ರಾಗೆ ದೊಡ್ಡ ಪುಸ್ತಕ ತಂದ್ರು. ಆಮ್ಯಾಲೆ ಲೋಕಕ್ಕೆಲ್ಲ ಕಣ್ಣು ತೆರೀತು. ನಮ್ಮ ಕಡೆ ಮೈಸೂರಿನ ಬೀಟೆ ಮರದ ಕುಸುರಿ ಕೆಲ್ಸಕ್ಕೆ ಜಿಐ ಗುರುತು ಸಿಕ್ಕೈತೆ, ಒಳ್ಳೇದೇ. ಆದ್ರೆ ಹಳ್ಳಿ ಮನಿ ಪಡಸಾಲ್ಯಾಗಿರೋ ಕುರ್ಚಿಗೆ ಯಾವ ಗುರುತೂ ಇಲ್ಲ, ಟೆಂಪೋದೋನು ಉಗುರಿನಾಗೆ ಗೀರಿದ ಗುರುತು ಬಿಟ್ರೆ.

ಇನ್ನು ಆ ಮರ ಮತ್ತೆ ಸಿಗ್ತೈತಾ? ಸಿಗಲ್ಲ. ಬೀಟೆ ಬೆಳೆಯೋದು ಬಾಳ ನಿಧಾನ, ಕುರ್ಚಿಗಾಗೋ ಗಟ್ಟಿ ತಿರುಳು ಬರಾಕೆ ಎರಡು ಮೂರು ತಲೆಮಾರು ಬೇಕು. ನಮ್ಮ ಹೊಲದ ಬದುವಿನಾಗೇ ಇದ್ರೂ ಅರಣ್ಯ ಇಲಾಖೆ ಅನುಮತಿ ಇಲ್ದಂಗೆ ಕಡಿಯಂಗಿಲ್ಲ. 2017ರಿಂದ ಬೀಟೆ ಕುಲದ ಮರಗಳನ್ನ ದೇಶದಿಂದ ದೇಶಕ್ಕೆ ಸಾಗಿಸಾಕೂ ಬಿಗಿ ಕಾನೂನು ಬಂದೈತೆ. ಅದಕ್ಕೇ ಹಳೇ ಕುರ್ಚಿ ಹುಡ್ಕಂಡು ಹಳ್ಳಿಗೆ ಬರ್ತಾರೆ. ಕೊಂಡೋನು ಪಾಲಿಶ್ ಹೊಡೆದು ಎಷ್ಟಕ್ಕೆ ಮಾರ್ತಾನೋ ಅವನಿಗೇ ಗೊತ್ತು. ನಾವು ಮಾತ್ರ "ಹಳೇದು" ಅಂತ 3,000ಕ್ಕೆ ಕೊಟ್ಟು, 40,000 ಕೊಟ್ಟು ಸೋಫಾ ತರ್ತೀವಿ. ಅದ್ರೊಳಗೆ ಪ್ಲೈವುಡ್ಡು, ಸ್ಟೇಪಲ್ ಪಿನ್ನು, ಸ್ಪಂಜು. ಐದಾರು ವರ್ಷಕ್ಕೆ ನಡು ಕುಸಿದ್ರೆ ರಿಪೇರಿಗೂ ಬರಲ್ಲ.

ಇಲ್ಲಿ ತನಕ ಹೇಳಿದ್ದು ಕುರ್ಚಿ ಬಗ್ಗೆ. ಇನ್ನು ಕುಂತೋರ ಬಗ್ಗೆ ಹೇಳ್ಬೇಕು. ನನಗೆ ಮುಖ್ಯ ಇದೇ.

ಕುರ್ಚಿ ಅನ್ನೋ ಮಾತೇ ನಮ್ಮದಲ್ಲ, ಅರಬ್ಬಿ ಪಾರಸಿ ಕಡಿಂದ ಬಂದಿದ್ದು. ನಮ್ಮದು ಮಣೆ, ಚಾಪೆ, ಕಂಬಳಿ. ಚೀನಾದೋರೂ ಮೊದಲು ನಮ್ಮಂಗೆ ಚಾಪೆ ಮ್ಯಾಲೇ ಕುಂತ್ಕಳ್ತಿದ್ರಂತೆ, ಸಾವಿರ ವರ್ಷದ ಹಿಂದೆ ಮೆಲ್ಲಗೆ ಕುರ್ಚಿಗೆ ಏರಿದ್ರಂತೆ. ಏರುವಾಗ ಎಲ್ಲರೂ ಒಟ್ಟಿಗೆ ಏರಲ್ಲ. ಅಲ್ಲೂ ಕೈ ಇರೋ ಕುರ್ಚಿ ದೊಡ್ಡೋರಿಗೆ, ಉಳಿದೋರಿಗೆ ಸ್ಟೂಲು. ಒಂದು ಕುರ್ಚಿಗೆ ಅಧಿಕಾರಿ ಟೋಪಿ ಕುರ್ಚಿ ಅಂತಾನೇ ಹೆಸರು, ಅದ್ರ ತಲೆಕಟ್ಟು ಅಧಿಕಾರಿಗಳ ಟೋಪಿ ಇದ್ದಂಗೆ ಎರಡೂ ಕಡೆ ಚಾಚಿರುತ್ತೆ. ನಮ್ಮಲ್ಲೂ ಕುರ್ಚಿ ಅಂದ್ರೆ ಅಧಿಕಾರ ಅಂತಾನೇ ಅರ್ಥ ಅಲ್ವಾ, ದಿನಾ ಪೇಪರಿನಾಗೆ ಓದ್ತೀವಿ.

ನಾನು ಮದ್ವೆಯಾಗಿ ಬಂದಿದ್ದು 1992ರಾಗೆ, ಆನಗೋಡಿನಾಗೆ ರೈತರ ಮ್ಯಾಲೆ ಗೋಲಿಬಾರ್ ಆದ ವರ್ಷ. ಎಷ್ಟೋ ದಿನ ನಮ್ಮ ಪಡಸಾಲ್ಯಾಗೆ ಊರ ಗಂಡಸರು ಬಂದು ಕುಂತು ಅದೇ ಮಾತಾಡ್ತಿದ್ರು. ಎರಡು ಕುರ್ಚಿ ಮ್ಯಾಲೆ ಮಾವನೋರು ಮತ್ತೊಬ್ಬ ಹಿರೇರು, ಉಳಿದೋರು ಜಮಖಾನದ ಮ್ಯಾಲೆ. ನಾನೂ ಅತ್ತೇನೂ ಬಾಗಿಲ ಹಿಂದೆ ನಿಂತ್ಕಂಡು ಚಾ ಲೋಟ ಕೊಡೋದು, ಖಾಲಿ ಲೋಟ ಇಸ್ಕಳ್ಳೋದು. ಎರಡು ಜೀವ ಹೋದ ದುಃಖ ನಮಗೂ ಇತ್ತು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ನಮ್ಮತ್ತೆ ದಿನಾ ಬೆಳಗ್ಗೆ ಸೆರಗಿನಾಗೆ ಆ ಕುರ್ಚಿ ಒರೆಸೋರು. ಆಯುಧ ಪೂಜೆಗೆ ಅದಕ್ಕೂ ವಿಭೂತಿ, ಕುಂಕುಮ. ಒಂದು ದಿನಾನೂ ಕುಂತೋರಲ್ಲ. ಅವರದ್ದು ಅಡಿಗೆ ಮನಿ ಬಾಗಿಲಾಗೆ ಒಂದು ಹಲಸಿನ ಮಣೆ, ಅಷ್ಟೇ. ಮಾವನೋರು ತೀರಿಕೊಂಡ ಮ್ಯಾಲೂ ಕುಂತಿಲ್ಲ. ಮಂಡಿ ನೋವು ಜೋರಾಗಿ ನೆಲದಿಂದ ಏಳಾಕೆ ಆಗ್ದಂಗಾದಾಗ ದಾವಣಗೆರೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಕೊಟ್ವಿ. ಬೀಟೆ ಕುರ್ಚಿ ಎರಡೂ ಪಡಸಾಲ್ಯಾಗೆ ಖಾಲಿ ಇದ್ವು! ಆಗ ನಮಗ್ಯಾರಿಗೂ ಅದು ತಪ್ಪು ಅಂತ ಹೊಳೀಲೇ ಇಲ್ಲ.

ಒಂದು ಮಧ್ಯಾಹ್ನ ನಾನೇ, "ಅತ್ತೆ, ಇದ್ರ ಮ್ಯಾಲೆ ಕುಂತ್ಕಳ್ರಿ, ಯಾರೂ ಇಲ್ಲ" ಅಂದೆ. ಬಾಳ ಹೊತ್ತು ಆಮ್ಯಾಲೆ ಅಂಜ್ಕೆಂಡು ಕುಂತ್ರು. ಎರಡು ನಿಮಿಷಕ್ಕೆ ಎದ್ದುಬಿಟ್ರು. "ಇದು ಗಂಡಸರ ಕುರ್ಚಿ ಕಣವ್ವ, ನನ್ನ ಕಾಲು ನೆಲ ಮುಟ್ಟಲ್ಲ" ಅಂದ್ರು. ನಾನು ಅದು ಸಂಕೋಚದ ಮಾತು ಅಂದ್ಕಂಡು ನಕ್ಕೆ. ಅವರು ಹೋಗಿ ಹದಿನಾಲ್ಕು ವರ್ಷ ಆತು.

ಮೊನ್ನೆ ಕೈ ರಿಪೇರಿ ಆದ ಮ್ಯಾಲೆ ನಾನು ಕುಂತು ನೋಡ್ದೆ. ನನ್ನ ಕಾಲೂ ನೆಲ ಮುಟ್ಟಲಿಲ್ಲ. ಅತ್ತೆ ನಿಜಾನೇ ಹೇಳಿದ್ರು. ಆ ಕುರ್ಚಿ ಮಾವನೋರ ಅಪ್ಪನ ಅಳತೆಗೆ ಮಾಡಿಸಿದ್ದು, ಆರಡಿ ಆಳಂತೆ. ಮನ್ಯಾಗಿನ ಹೆಂಗಸರು ಅದ್ರ ಮ್ಯಾಲೆ ಕುಂತಾರು ಅಂತ ಅಳತೆ ತಗಳ್ಳೋ ಹೊತ್ತಿಗೆ ಯಾರ ತಲ್ಯಾಗೂ ಬಂದಿರಲಿಲ್ಲ.

"ಕಾಲು ಎರಡು ಬೆರಳು ಕೊಯ್ದು ಗಿಡ್ಡ ಮಾಡ್ರಿ" ಅಂತ ಆಚಾರ್ರಿಗೆ ಹೇಳ್ದೆ. ಅವರು ಕೈ ಮುಗಿದ್ರು. "ಕೊಯ್ಯಬ್ಯಾಡ್ರಿ, ಅಮ್ಮಾ, ನಿಲುವು ಕೆಡುತ್ತೆ. ಕಾಲಡಿಗೆ ಏನಾದ್ರೂ ಇಟ್ಕಳ್ರಿ" ಅಂದ್ರು. ಆಗ ತಂಗಿ ಮಗಳು ಕಳಿಸಿದ್ದ ಫೋಟೋ ನೆನಪಾತು. ಚೀನಾದ ಕುರ್ಚಿಗಳೂ ಎತ್ತರಾನೇ. ಅದಕ್ಕೇ ಮುಂದಿನ ಎರಡು ಕಾಲಿನ ನಡುವೆ ಕೆಳಗೆ ಒಂದು ಪಟ್ಟಿ ಇರುತ್ತೆ, ಪಾದ ಇಟ್ಕಳ್ಳಾಕೆ. ಹಳೇ ಕುರ್ಚಿಗಳಾಗೆ ಅದೇ ಪಟ್ಟಿ ಪಾದ ತಾಗಿ ತಾಗಿ ಸವೆದಿರುತ್ತಂತೆ. ನಮ್ಮ ಕುರ್ಚಿಗೆ ಆ ಪಟ್ಟಿ ಇಲ್ಲ. ಒಳಗೆ ಹೋಗಿ ಅತ್ತೆಯ ಹಲಸಿನ ಮಣೆ ತಂದಿಟ್ಟು ಕಾಲಿಟ್ಟೆ. ಸರಿಯಾಗಿ ಕುಂತ್ತು, ಅಳತೆ ಮಾಡಿಸಿದಂಗೆ.

ಬೆತ್ತದ ಕೆಲ್ಸಕ್ಕೆ ದಾವಣಗೆರೆ ಕಡೆಯಿಂದ ಒಬ್ಬ ಅಣ್ಣ ಬಂದಿದ್ರು. ಅವರಿಗೆ ಕಣ್ಣು ಕಾಣಲ್ಲ. ಅಂಧರ ಶಾಲೆಗಳಾಗೆ ಕುರ್ಚಿಗೆ ಬೆತ್ತ ಹೆಣೆಯೋದು ಕಲಿಸ್ತಿದ್ರು, ಹಂಗೆ ಕಲ್ತೋರು. ಬೆತ್ತದ ಎಳೆ ನೀರಿನಾಗೆ ನೆನೆಸಿಟ್ಟು, ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು ಸುತ್ತು, ಓರೆಗೆ ಎರಡು ಸುತ್ತು, ಕೊನೆಗೆ ಅಂಚು ಕಟ್ಟೋದು. ಬೆರಳಿನಾಗೇ ಲೆಕ್ಕ. ಒಂದು ಎಳೆ ಸಡಿಲ ಇದ್ರೆ ನನ್ನ ಕಣ್ಣಿಗೆ ಗೊತ್ತಾಗಲಿಲ್ಲ, ಅವರ ಬೆರಳಿಗೆ ಗೊತ್ತಾತು, ಬಿಚ್ಚಿ ಮತ್ತೆ ಹಾಕಿದ್ರು. ಎರಡು ಕುರ್ಚಿಗೆ ನಾಲ್ಕು ದಿನ. ಆಚಾರ್ರದ್ದೂ ಸೇರಿ ನನಗೆ 5,500 ಖರ್ಚಾತು. ಸೋಫಾದ ಮುಂದೆ ಅದೆಷ್ಟರದ್ದು, ಮ್ಯಾಲಾಗಿ ಆ ದುಡ್ಡು ಎರಡು ಮನಿಗೆ ಕೂಲಿಯಾಗಿ ಹೋತು.

ನೀವು ಹೇಳ್ತೀರಿ, "ಬೆತ್ತದಾಗೆ ತಿಗಣೆ ಆಗ್ತಾವೆ" ಅಂತ. ಆಗ್ತಾವೆ, ಒರೆಸದೆ ಬಿಟ್ರೆ. ತಿಂಗಳಿಗೊಮ್ಮೆ ಬೋರಲು ಹಾಕಿ ಸಂದಿ ಸಂದಿ ನೋಡಿ ಬ್ರಷ್ ಹಾಕ್ರಿ. ಬೆತ್ತ ಜೋಲು ಬಿದ್ರೆ ತಳದ ಕಡೆಯಿಂದ ಬಿಸಿನೀರು ಬಟ್ಟೆ ಅದ್ದಿ ಒತ್ತಿ, ಗಾಳಿಗೆ ಒಣಗಿಸ್ರಿ, ತಾನೇ ಬಿಗಿಯಾಗುತ್ತೆ. ಮರಕ್ಕೆ ಪೇಂಟ್ ಮಾತ್ರ ಬಳಿಬ್ಯಾಡ್ರಿ. ವರ್ಷಕ್ಕೊಮ್ಮೆ ಒಂಚೂರು ಅಗಸೆ ಎಣ್ಣೆ ಬಟ್ಟೆಗೆ ಹಾಕಿ ಒರೆಸಿದ್ರೆ ಸಾಕು. ಒರೆಸಿದ ಬಟ್ಟೆ ಉಂಡೆ ಕಟ್ಟಿ ಇಡಬ್ಯಾಡ್ರಿ, ಅಗಸೆ ಎಣ್ಣೆ ಬಟ್ಟೆ ತಾನೇ ಬಿಸಿಯಾಗಿ ಬೆಂಕಿ ಹತ್ತೋದುಂಟು, ಬಿಡಿಸಿ ಹರವಿ ಒಣಗಿಸ್ರಿ. ಅಲ್ಲಾಡೋ ಕೂಡಿಕೆಗೆ ಮೊಳೆ ಹೊಡೆಸಬ್ಯಾಡ್ರಿ, ಕುರ್ಚಿ ಆಯಸ್ಸೇ ಮುಗೀತು.

"ಕಷ್ಟಕ್ಕೆ ದುಡ್ಡು ಬೇಕಲ್ಲ" ಅನ್ನೋರಿಗೆ ನಾನು ಬ್ಯಾಡ ಅನ್ನಲ್ಲ. ಆಸ್ಪತ್ರೆ, ಮಕ್ಕಳ ಫೀಸು ಅಂದ್ರೆ ಕುರ್ಚಿ ಏನು ದೊಡ್ಡದು. ಆದ್ರೆ ಯಾವ ಮರ, ಎಂಥ ಕೆಲ್ಸ ಅಂತ ಒಬ್ಬ ಆಚಾರ್ರಿಗೆ ತೋರಿಸಿ, ತಿಳ್ಕಂಡು ಮಾರ್ರಿ. ಬಾಗಿಲಿಗೆ ಬಂದೋನು ಹೇಳಿದ್ದೇ ಬೆಲೆ ಅಲ್ಲ.

ಈಗ ನಮ್ಮನ್ಯಾಗೆ ಆ ಎರಡು ಕುರ್ಚಿ ಪಡಸಾಲ್ಯಾಗೇ ಅದಾವೆ. ಬೆಳಗ್ಗೆ ಕೆಲ್ಸ ಮುಗಿದ ಮ್ಯಾಲೆ ಒಂದ್ರಾಗೆ ನಾನು ಕುಂತ್ಕಂಡು ಬೆಳ್ಳುಳ್ಳಿ ಸುಲೀತೀನಿ, ಕಾಲಡಿಗೆ ಅತ್ತೆಯ ಮಣೆ. ಮೆಕ್ಕೆಜೋಳ ಬಿಡಿಸಾಕೆ ಬರೋ ಅಕ್ಕ ಚಾ ಕುಡಿಯಾಕೆ ಕಟ್ಟೆ ತುದಿಗೆ ಕುಂತ್ಕಳ್ಳೋರು. ಒಂದಿನ ಇನ್ನೊಂದು ಕುರ್ಚಿ ತೋರ್ಸಿ "ಇಲ್ಲಿ ಬರ್ರಿ" ಅಂದೆ. ಮೂರು ಸಲ ಬ್ಯಾಡ ಅಂದ್ರು. ಸುಳ್ಳು ಯಾಕೆ ಹೇಳ್ಲಿ, ಕರೆಯುವಾಗ ನನಗೂ ಒಳಗೊಂಥರಾ ಆತು. 33 ವರ್ಷದಾಗೆ ನಾನೇ ಅವರನ್ನ ಒಂದು ಸಲ ಕರೆದಿರಲಿಲ್ಲ. ನಾಲ್ಕನೇ ಸಲಕ್ಕೆ ಬಂದು ಕುಂತ್ರು. ಅವರ ಕಾಲೂ ನೆಲ ಮುಟ್ಟಲಿಲ್ಲ.

ಮಣೆ ಒಂದೇ ಇತ್ತು. ಅವರ ಕಡೆ ಸರಿಸಿದೆ. ಇನ್ನೊಂದು ಮಣೆ ಮಾಡಿಕೊಡ್ರಿ ಅಂತ ಆಚಾರ್ರಿಗೆ ಹೇಳಿ ಕಳಿಸೀನಿ.